ರೈಲು ಯಾರ ಕೈಯಲ್ಲಿರಬೇಕು? ದುಬಾರೆಯ ದಾರಿಯಲ್ಲೊಂದು ಹಳೆಯ ಪ್ರಶ್ನೆ

ಕುಶಾಲನಗರಕ್ಕೆ ಸಮೀಪ, ಕಾವೇರಿ ದಂಡೆಯಲ್ಲಿರುವ ದುಬಾರೆ ಆನೆ ಶಿಬಿರಕ್ಕೆ ರೈಲಿನಲ್ಲಿ ಹೊರಡುವ ಪ್ರವಾಸಿಗರು ಸಾಮಾನ್ಯವಾಗಿ ಇಳಿಯುವುದು ಮೈಸೂರಿನಲ್ಲಿ. ಅಲ್ಲಿಂದ ಮುಂದೆ ಸುಮಾರು 100 ಕಿ.ಮೀ. ದಾರಿಯನ್ನು ಬಸ್ಸು ಅಥವಾ ಕಾರಿನಲ್ಲೇ ಕ್ರಮಿಸಬೇಕು. ರಾಜ್ಯದಲ್ಲಿ ರೈಲು ಮಾರ್ಗವೇ ಇಲ್ಲದ ಜಿಲ್ಲೆ ಕೊಡಗು.

ಈ ಒಂದೇ ಪ್ರಯಾಣದಲ್ಲಿ, ಖಾಸಗಿಯವರ ಪಾಲಿದ್ದು ನಂತರ ಸರಕಾರದ ಕೈಗೆ ಬಂದ ಎರಡು ಉದ್ಯಮಗಳು ಎದುರಾಗುತ್ತವೆ ಎಂಬುದು ಹಲವರಿಗೆ ತಿಳಿದಿರಲಾರದು. ಮೊದಲನೆಯದು ದುಬಾರೆಯಲ್ಲಿ ವಸತಿ ಸೌಲಭ್ಯ ನಡೆಸುವ ಜಂಗಲ್ ಲಾಡ್ಜಸ್ ಅಂಡ್ ರೆಸಾರ್ಟ್ಸ್. 1980ರಲ್ಲಿ ರಾಜ್ಯ ಸರಕಾರ ಮತ್ತು ಖಾಸಗಿ ಸಂಸ್ಥೆ ಟೈಗರ್ ಟಾಪ್ಸ್ ಜಂಟಿಯಾಗಿ ಆರಂಭಿಸಿದ ಈ ಕಂಪನಿ 1987ರಲ್ಲಿ ಸಂಪೂರ್ಣವಾಗಿ ಸರಕಾರದ್ದಾಯಿತು. ಎರಡನೆಯದು ಪ್ರವಾಸಿಗರನ್ನು ಮೈಸೂರಿಗೆ ತಂದು ಮುಟ್ಟಿಸಿದ ಬೆಂಗಳೂರು–ಮೈಸೂರು ರೈಲು ಮಾರ್ಗ. ಇದರ ಕಥೆ ಇನ್ನೂ ಹಳೆಯದು, ಹೆಚ್ಚು ಸ್ವಾರಸ್ಯಕರವಾದದ್ದು.

1876–78ರ ಭೀಕರ ಕ್ಷಾಮದ ಕಾಲದಲ್ಲಿ ಹಸಿದ ಜನರಿಗೆ ಕೂಲಿ ಒದಗಿಸುವ ಉದ್ದೇಶವೂ ಸೇರಿ ಈ ಮಾರ್ಗದ ಕೆಲಸ ಕೈಗೆತ್ತಿಕೊಳ್ಳಲಾಯಿತು. ಹಣ ಸಂಸ್ಥಾನದ್ದು. 1881ರಲ್ಲಿ ಅಧಿಕಾರ ಒಡೆಯರ ಮನೆತನಕ್ಕೆ ಮರಳಿದಾಗ ಖಜಾನೆಯ ಮೇಲೆ ಕ್ಷಾಮದ ಸಾಲದ ಹೊರೆಯೂ ಇತ್ತು. 1882ರಲ್ಲಿ ರೈಲು ಮೈಸೂರು ಮುಟ್ಟಿತು. ಆದರೆ ಹಳಿಯನ್ನು ಹರಿಹರದತ್ತ ಒಯ್ಯಲು ಬೇಕಾದ ಬಂಡವಾಳ ಇರಲಿಲ್ಲ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಆಡಳಿತದಲ್ಲಿ, 1886ರಲ್ಲಿ ಮಾರ್ಗವನ್ನು ಒತ್ತೆಯಿಟ್ಟು ಅದನ್ನು ನಡೆಸುವ ಹೊಣೆಯನ್ನು ಸದರ್ನ್ ಮರಾಠಾ ರೈಲ್ವೆ ಕಂಪನಿಗೆ ವಹಿಸಲಾಯಿತು. ಕಂಪನಿ ಇಂಗ್ಲೆಂಡಿನಲ್ಲಿ ಸಾಲ ಎತ್ತಿತು, ಮಾರ್ಗ ವಿಸ್ತರಣೆಯಾಯಿತು. ಆ ಹೊತ್ತಿಗೆ ಬೇರೆ ದಾರಿ ಇತ್ತೆಂದು ಹೇಳುವುದು ಕಷ್ಟ.

ಬೆಲೆ ತೆರಬೇಕಾಗಿ ಬಂದದ್ದು ಆಮೇಲೆ. 1908ರಲ್ಲಿ ಕಂಪನಿ ಮದ್ರಾಸ್ ರೈಲ್ವೆಯ ಭಾಗವೊಂದರೊಡನೆ ಸೇರಿ ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆ ಆಯಿತು. ಮೈಸೂರಿನ ರೈತ, ವರ್ತಕ, ಪ್ರಯಾಣಿಕರ ರೈಲಿನ ತೀರ್ಮಾನಗಳು ಮದರಾಸಿನ ಕಚೇರಿಗೆ, ಅಲ್ಲಿಂದ ಮುಂದೆ ಲಂಡನ್ನಿನ ನಿರ್ದೇಶಕರಿಗೆ ಸೇರಿದವಾದವು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ 1912–18ರ ಅವಧಿಯಲ್ಲಿ ಸಂಸ್ಥಾನ ತನ್ನದೇ ರೈಲ್ವೆ ಇಲಾಖೆಯನ್ನು ಬೆಳೆಸಿತು; ಮೈಸೂರು–ಅರಸೀಕೆರೆ ಮಾರ್ಗವನ್ನು ತಾನೇ ಕಟ್ಟಿತು. 1919ರಲ್ಲಿ ಬೆಂಗಳೂರು–ಮೈಸೂರು–ನಂಜನಗೂಡು ಮಾರ್ಗದ ಆಡಳಿತ ಸಂಸ್ಥಾನಕ್ಕೆ ಮರಳಿತು. ಬೆಂಗಳೂರು–ಹರಿಹರ ಮಾರ್ಗ ಮರಳಲು 1938ರವರೆಗೆ ಕಾಯಬೇಕಾಯಿತು. ಕೊಡಲು ಒಂದು ಒಪ್ಪಂದ ಸಾಕಾಗಿತ್ತು. ಪೂರ್ತಿ ಪಡೆಯಲು ಅರ್ಧ ಶತಮಾನ ಹಿಡಿಯಿತು.

ಇದೇ ಕಾಲದಲ್ಲಿ ದೇಶದಾದ್ಯಂತ ಜನಾಭಿಪ್ರಾಯ ಕಂಪನಿಗಳ ವಿರುದ್ಧ ತಿರುಗಿತ್ತು. ಬಂದರಿಗೆ ಸಾಗುವ ಸರಕಿಗೆ ಅಗ್ಗದ ದರ, ಒಳನಾಡಿನ ಉದ್ಯಮಕ್ಕೆ ದುಬಾರಿ ದರ, ಮೇಲಿನ ಹುದ್ದೆಗಳಲ್ಲಿ ಭಾರತೀಯರಿಗೆ ಅವಕಾಶವಿಲ್ಲ, ಮೂರನೇ ದರ್ಜೆಯಲ್ಲಿ ಪ್ರಾಣಿಗಳಂತೆ ತುಂಬುವಿಕೆ – ಇವು ಮುಖ್ಯ ದೂರುಗಳು. ಮೂರನೇ ದರ್ಜೆಯ ಪಾಡನ್ನು ಗಾಂಧೀಜಿ 1917ರಲ್ಲಿ ಬರೆದು ಪ್ರಕಟಿಸಿದರು. 1920–21ರ ಆಕ್‌ವರ್ತ್ ಸಮಿತಿಯ ಸದಸ್ಯರಲ್ಲೇ ಒಮ್ಮತವಿರಲಿಲ್ಲವಾದರೂ ಅಧ್ಯಕ್ಷರು ಸರಕಾರಿ ಆಡಳಿತದ ಪರ ನಿಂತರು. 1925ರಲ್ಲಿ ಈಸ್ಟ್ ಇಂಡಿಯನ್ ಮತ್ತು ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಗಳು, 1944ರಲ್ಲಿ ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆ ಸರಕಾರದ ವಶಕ್ಕೆ ಬಂದವು.

ಬ್ರಿಟನ್‌ನಲ್ಲಿ ಚಕ್ರ ಎರಡು ಸಲ ತಿರುಗಿದೆ. 1948ರಲ್ಲಿ ರಾಷ್ಟ್ರೀಕರಣಗೊಂಡ ರೈಲ್ವೆಯನ್ನು 1993ರ ಕಾಯ್ದೆಯ ಮೂಲಕ ಖಾಸಗಿಯವರಿಗೆ ವಹಿಸಲಾಯಿತು. ಮರಳಿ ಸರಕಾರಕ್ಕೆ ಬರಲೆಂಬುದು ಅಲ್ಲಿನ ಸಮೀಕ್ಷೆಗಳಲ್ಲಿ ವರ್ಷಗಳಿಂದಲೂ ಬಹುಮತದ ಮಾತು. ಕಾಯ್ದೆಯಾದದ್ದು ಮಾತ್ರ 2024ರಲ್ಲಿ. ಭಾರತದಲ್ಲಿ ಹಳಿಗಳು ಇಂದಿಗೂ ಸರಕಾರದವೇ. 2020ರಲ್ಲಿ ಕೇಂದ್ರ 151 ಖಾಸಗಿ ರೈಲುಗಳಿಗೆ ಆಹ್ವಾನ ನೀಡಿದಾಗ ನೌಕರರ ಸಂಘಟನೆಗಳು ವಿರೋಧಿಸಿದವು. ಆದರೆ ಯೋಜನೆ ಮುಂದೆ ಸಾಗದಿರಲು ಮುಖ್ಯ ಕಾರಣ ಆ ವಿರೋಧಕ್ಕಿಂತ, ಹಣ ಹೂಡುವವರ ನಿರಾಸಕ್ತಿ.

ಒಡೆತನ ಸರಕಾರದ್ದಾದ ಮಾತ್ರಕ್ಕೆ ಜನ ಸಮಾಧಾನ ಹೊಂದುವುದಿಲ್ಲ ಎಂಬುದಕ್ಕೆ ಕರಾವಳಿಯೇ ನಿದರ್ಶನ. 1990ರಲ್ಲಿ ಸ್ಥಾಪನೆಯಾದ ಕೊಂಕಣ ರೈಲ್ವೆ ನಿಗಮ ಕೇಂದ್ರ ಹಾಗೂ ನಾಲ್ಕು ರಾಜ್ಯಗಳ ಪಾಲುದಾರಿಕೆಯದು, ಖಾಸಗಿಯದಲ್ಲ. ಆದರೂ ಜೋಡಿ ಮಾರ್ಗದಂಥ ಕಾಮಗಾರಿಗೆ ನಿಗಮದ ಬಳಿ ಹಣವಿಲ್ಲ, ಅದನ್ನು ಭಾರತೀಯ ರೈಲ್ವೆಯಲ್ಲಿ ವಿಲೀನಗೊಳಿಸಿ ಎಂಬುದು ಉಡುಪಿ, ಉತ್ತರ ಕನ್ನಡದ ಪ್ರಯಾಣಿಕರ ಬಹುಕಾಲದ ಬೇಡಿಕೆ. 2025ರಲ್ಲಿ ಮಹಾರಾಷ್ಟ್ರವೂ ವಿಲೀನಕ್ಕೆ ಸಮ್ಮತಿಸಿತು.

ಕೊಡಗಿನಲ್ಲಿ ಚರ್ಚೆ ಇನ್ನೊಂದು ಬಗೆಯದು. 1956ರವರೆಗೆ ಪ್ರತ್ಯೇಕವಾಗಿದ್ದ ಈ ನಾಡಿಗೆ ಸಂಸ್ಥಾನದ ಹಳಿಯೂ ಬರಲಿಲ್ಲ, ಕಂಪನಿಯ ಹಳಿಯೂ ಬರಲಿಲ್ಲ. ಮೈಸೂರಿನಿಂದ ಹುಣಸೂರು, ಪಿರಿಯಾಪಟ್ಟಣದ ಮೂಲಕ ಕುಶಾಲನಗರಕ್ಕೆ ಸುಮಾರು 87 ಕಿ.ಮೀ. ಮಾರ್ಗದ ಪ್ರಸ್ತಾವಕ್ಕೆ ವ್ಯಾಪಾರಿಗಳು, ದೂರದ ಊರುಗಳಲ್ಲಿ ಓದುವ, ದುಡಿಯುವ ಮಕ್ಕಳಿರುವ ಕುಟುಂಬಗಳು ಒಲವು ತೋರಿದರೆ, ಪರಿಸರವಾದಿಗಳು ಹಾಗೂ ಅನೇಕ ಕಾಫಿ ಬೆಳೆಗಾರರು ಅನುಮಾನದಿಂದ ನೋಡುತ್ತಾರೆ. ಅನುಮಾನಕ್ಕೆ ಕಾರಣವಿದೆ. ಮೈಸೂರು–ಕೋಯಿಕ್ಕೋಡ್ 400 ಕೆವಿ ವಿದ್ಯುತ್ ಮಾರ್ಗಕ್ಕಾಗಿ ಕೊಡಗಿನಲ್ಲಿ ಸಾವಿರಾರು ಮರಗಳು ಉರುಳಿದವು. ಅದನ್ನು ಎಳೆದದ್ದು ಸಾರ್ವಜನಿಕ ವಲಯದ ಪವರ್ ಗ್ರಿಡ್. ಹಿಂದೆ ಅರಣ್ಯ ಇಲಾಖೆಗಾಗಿ ದಿಮ್ಮಿ ಎಳೆಯುತ್ತಿದ್ದ ದುಬಾರೆಯ ಆನೆಗಳು ಇಂದು ದಸರಾ ಮೆರವಣಿಗೆಗೆ, ಕಾಡಾನೆ ಹಿಡಿಯುವ ಕಾರ್ಯಾಚರಣೆಗೆ ಹೋಗುತ್ತವೆ. ಆ ಕಾಡಾನೆಗಳು ತೋಟಗಳಿಗೆ ಇಳಿಯಲು ಅವುಗಳ ದಾರಿ ತುಂಡಾಗಿರುವುದೂ ಒಂದು ಕಾರಣ. ಆದ್ದರಿಂದ ಇಲ್ಲಿ ರೈಲು ಸರಕಾರದ್ದೋ ಖಾಸಗಿಯದೋ ಎಂಬುದಕ್ಕಿಂತ ಮೊದಲು ಕೇಳಿಬರುವ ಪ್ರಶ್ನೆ, ಹಳಿ ಕುಶಾಲನಗರದಲ್ಲೇ ನಿಲ್ಲುತ್ತದೆಯೇ ಅಥವಾ ಕಾಡು ಸೀಳಿಕೊಂಡು ಕೇರಳದತ್ತ ಸಾಗುತ್ತದೆಯೇ ಎಂಬುದು.