ಹಾರುವ ಓತಿಯೂ ಹಾರದ ವಿಮಾನವೂ

ಕಥೆ ಹೇಳುವವನಿಗೆ ಕನ್ನಡದ ಕೇಳುಗ ಎಂದೂ ಸುಲಭದ ಆಸಾಮಿಯಾಗಿರಲಿಲ್ಲ. ನಂದಳಿಕೆಯ ಲಕ್ಷ್ಮೀನಾರಣಪ್ಪ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಮುದ್ದಣನೆಂಬ ಹೆಸರಿನಿಂದ ‘ಶ್ರೀರಾಮಾಶ್ವಮೇಧಂ’ ಬರೆದಾಗ ಕಥೆಯ ಪಕ್ಕದಲ್ಲಿಯೇ ಮನೋರಮೆಯನ್ನೂ ತಂದು ಕೂರಿಸಿದ. ಆಕೆ ಸುಮ್ಮನೆ ಹೂಂಗುಟ್ಟುವ ಹೆಂಡತಿಯಲ್ಲ. ನಡುನಡುವೆ ತಡೆಯುತ್ತಾಳೆ, ಸಂದೇಹ ಎತ್ತುತ್ತಾಳೆ, ಗಂಡನ ಪಾಂಡಿತ್ಯವನ್ನು ಗೇಲಿ ಮಾಡುತ್ತಾಳೆ. ಒಬ್ಬ ಮನೋರಮೆ ಎದುರಿಗಿದ್ದಾಳೆಂಬ ಅರಿವಿದ್ದರೆ ಯಾವ ಕಥೆಗಾರನೂ ಮೈಮರೆತು ಸುಳ್ಳು ಹೇಳಲಾರ.

ಅವಳಿಗಿಂತ ಬಹಳ ಹಿಂದೆಯೇ ಇಂಥ ಪ್ರಶ್ನೆ ಕೇಳಿದವರಿದ್ದರು. ರಾಕ್ಷಸರು ಅಷ್ಟು ಬಲಿಷ್ಠರಾಗಿದ್ದರೆ ಕೋತಿಗಳು ಅವರನ್ನು ಗೆದ್ದದ್ದು ಹೇಗೆ ಎಂಬ ಶ್ರೇಣಿಕ ಮಹಾರಾಜನ ಸಂಶಯವೇ ವಿಮಲಸೂರಿಯ ಪ್ರಾಕೃತ ರಾಮಾಯಣಕ್ಕೆ ಪೀಠಿಕೆ. ಅಲ್ಲಿ ವಾನರರು ಕೋತಿಗಳಲ್ಲ, ಕಪಿಯ ಗುರುತಿನ ಧ್ವಜ ಹಿಡಿದ ವಿದ್ಯಾಧರರು. ರಾವಣನಿಗೆ ಹತ್ತು ತಲೆಗಳಿಲ್ಲ; ಎಳೆಯನಾಗಿದ್ದಾಗ ಧರಿಸಿದ ಹಾರದ ರತ್ನಗಳಲ್ಲಿ ಒಂದೇ ಮುಖ ಪ್ರತಿಬಿಂಬಿಸಿ ದಶಮುಖನೆಂಬ ಹೆಸರು ಬಂತು. ಸುಮಾರು 1100ರ ಹೊತ್ತಿನಲ್ಲಿ ನಮ್ಮ ನಾಗಚಂದ್ರ ‘ರಾಮಚಂದ್ರಚರಿತಪುರಾಣ’ವನ್ನು ಬರೆದದ್ದು ಈ ಪರಂಪರೆಯನ್ನು ಹಿಡಿದೇ. ಆದರೆ ನಾಗಚಂದ್ರನ ರಾವಣನನ್ನು ನಾವು ನಂಬುವುದು ರತ್ನಹಾರದಂಥ ಸಮಜಾಯಿಷಿಗಳಿಗಾಗಿ ಅಲ್ಲ. ವ್ರತ ಹಿಡಿದಿದ್ದ ದೊಡ್ಡ ಮನುಷ್ಯನೊಬ್ಬ ಸೀತೆಯನ್ನು ಕಂಡ ಒಂದು ಗಳಿಗೆಯಲ್ಲಿ ಜಾರಿದನಲ್ಲ, ಆಮೇಲೆ ತನ್ನ ಕೃತ್ಯಕ್ಕೆ ತಾನೇ ಮರುಗಿದನಲ್ಲ, ಅದಕ್ಕಾಗಿ. ತಲೆಗಳ ಲೆಕ್ಕ ಸರಿಹೋದ ಮಾತ್ರಕ್ಕೆ ಮನುಷ್ಯ ಸರಿಹೋಗುವುದಿಲ್ಲ.

ಈ ಹಳೆಯ ಮಾತನ್ನು ಎತ್ತಿದ್ದಕ್ಕೆ ಕಾರಣವಿದೆ. ದಕ್ಷಿಣ ಬೆಂಗಳೂರಿನ ಒಂದು ಕಾಲೇಜಿನಲ್ಲಿ ನಾನು ಕನ್ನಡ ಪಾಠ ಹೇಳುತ್ತೇನೆ. ಹದಿನಾರರಿಂದ ಇಪ್ಪತ್ತರವರೆಗಿನ ನನ್ನ ವಿದ್ಯಾರ್ಥಿಗಳು ಜಯನಗರದಿಂದ, ಬನಶಂಕರಿಯಿಂದ, ಬಿ.ಟಿ.ಎಂ. ಬಡಾವಣೆಯಿಂದ ಬರುವವರು. ವೈಜ್ಞಾನಿಕ ಕಾದಂಬರಿ ಎಂದರೆ ಅವರಿಗೆ ಬಲು ಪ್ರೀತಿ. ಆದರೆ ಓದುವುದೆಲ್ಲ ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಅಂಥದ್ದನ್ನು ಓದಿ ಎಂದರೆ, “ನಂಬೋ ಹಾಗಿರಲ್ಲ ಸಾರ್” ಎನ್ನುತ್ತಾರೆ. ಈ ‘ನಂಬುವ ಹಾಗೆ’ ಎಂದರೇನು ಎಂಬುದು ನನ್ನನ್ನು ಕೆಲವು ವರ್ಷಗಳಿಂದ ಕಾಡುತ್ತಿರುವ ಪ್ರಶ್ನೆ.

ಪಶ್ಚಿಮದಲ್ಲಿ ಈ ಜಗಳ ಹಳೆಯದು. ಫ್ರಾನ್ಸಿನ ಜೂಲ್ಸ್ ವರ್ನ್ 1865ರಲ್ಲಿ ಮೂವರನ್ನು ಚಂದ್ರನ ಕಡೆಗೆ ಕಳುಹಿಸಿದ್ದು ಫ್ಲಾರಿಡಾದಲ್ಲಿ ನೆಲಕ್ಕೆ ಹೂತ 900 ಅಡಿ ಉದ್ದದ ಫಿರಂಗಿಯಿಂದ. ಇಂಗ್ಲೆಂಡಿನ ಎಚ್. ಜಿ. ವೆಲ್ಸ್ 1901ರ ಕಾದಂಬರಿಯಲ್ಲಿ ಗುರುತ್ವಾಕರ್ಷಣೆಯನ್ನೇ ತಡೆಯುವ ಒಂದು ವಸ್ತುವನ್ನು ಕಲ್ಪಿಸಿಕೊಂಡು ಆ ಕೆಲಸವನ್ನು ಮುಗಿಸಿಬಿಟ್ಟ. ಮುದುಕ ವರ್ನ್‌ಗೆ ಇದು ಸಹಿಸಲಿಲ್ಲ. ನಾನು ಭೌತಶಾಸ್ತ್ರವನ್ನು ಬಳಸುತ್ತೇನೆ, ಈತ ಹೊಸದಾಗಿ ಹುಟ್ಟಿಸುತ್ತಾನೆ. ಆ ಲೋಹ ಎಲ್ಲಿದೆ, ತೋರಿಸಲಿ ಎಂಬುದು ಅವನ ತಕರಾರು. ವರ್ನ್‌ನ ಫಿರಂಗಿಯಿಂದ ಹೊರಟವರು ಮೊದಲ ಕ್ಷಣದಲ್ಲಿಯೇ ಅಪ್ಪಚ್ಚಿಯಾಗಿ ಹೋಗುತ್ತಿದ್ದರೆಂಬುದು ಬೇರೆ ಮಾತು. ಆದರೂ 1969ರಲ್ಲಿ ಫ್ಲಾರಿಡಾದಿಂದಲೇ ಮೂವರು ಚಂದ್ರನತ್ತ ಹೊರಟಾಗ ಲೋಕ ನೆನೆದದ್ದು ಅವನನ್ನೇ.

ಕನ್ನಡಿಗರಾದ ನಮಗೆ ವರ್ನ್‌ನ ಹತ್ತಿರ ಇನ್ನೊಂದು ಬಾಬತ್ತು ಉಂಟು. ‘ನಾಟಿಲಸ್’ ಜಲಾಂತರ್ಗಾಮಿಯ ನಾಯಕ ನೆಮೋ ಯಾರೆಂಬುದನ್ನು ಅವನು ‘ನಿಗೂಢ ದ್ವೀಪ’ದ ಕೊನೆಯಲ್ಲಿ ಬಯಲು ಮಾಡುತ್ತಾನೆ. ಆತ ಬುಂದೇಲಖಂಡದ ರಾಜಕುಮಾರ ದಕ್ಕಾರ್. ಅಷ್ಟೇ ಅಲ್ಲ, ನಮ್ಮ ಟಿಪ್ಪು ಸುಲ್ತಾನನ ಸೋದರಸಂಬಂಧದ ಮಗ! 1849ರಲ್ಲಿ ಅವನಿಗೆ ಮೂವತ್ತು ವರ್ಷವೆಂದು ಕಾದಂಬರಿಯ ಲೆಕ್ಕ. ಟಿಪ್ಪು ಮಡಿದದ್ದು 1799ರಲ್ಲಿ. ಇಪ್ಪತ್ತು ವರ್ಷಗಳ ಅನಂತರ ಬುಂದೇಲಖಂಡದ ಅರಸನ ಮನೆಯಲ್ಲಿ ಶ್ರೀರಂಗಪಟ್ಟಣದ ಸುಲ್ತಾನನಿಗೆ ಇಂಥ ಸಂಬಂಧಿಯೊಬ್ಬ ಹುಟ್ಟಿದ್ದು ಹೇಗೆಂದು ವರ್ನ್ ಹೇಳುವ ಗೋಜಿಗೆ ಹೋಗಿಲ್ಲ. ತಮಾಷೆಯೆಂದರೆ, ಸಮುದ್ರದ ತಳದಲ್ಲಿ ವಿದ್ಯುತ್ತಿನಿಂದ ಓಡುವ ಆ ಹಡಗನ್ನು ನನ್ನ ತರಗತಿ ಮರುಮಾತಿಲ್ಲದೆ ನಂಬುತ್ತದೆ. ವಂಶಾವಳಿಯನ್ನು ಮಾತ್ರ ನಂಬುವುದಿಲ್ಲ. ದೂರದ ಯಂತ್ರಕ್ಕೆ ನಾವು ಕೊಡುವ ರಿಯಾಯತಿಯನ್ನು ಹತ್ತಿರದ ಊರಿಗೆ ಕೊಡಲಾರೆವು.

ಕನ್ನಡಕ್ಕೆ ವಿಜ್ಞಾನ ಬರುವುದೇನೂ ತಡವಾಗಲಿಲ್ಲ. ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ, ಪಂಪಭಾರತವನ್ನೂ ಸಂಪಾದಿಸಿದ ಬೆಳ್ಳಾವೆ ವೆಂಕಟನಾರಣಪ್ಪನವರು ಇಪ್ಪತ್ತನೆಯ ಶತಮಾನದ ಎರಡನೆಯ ದಶಕದಲ್ಲಿಯೇ ಸಂಗಡಿಗರೊಡನೆ ‘ವಿಜ್ಞಾನ’ ಎಂಬ ಮಾಸಪತ್ರಿಕೆಯನ್ನು ನಡೆಸಿದರು. ಶಿವರಾಮ ಕಾರಂತರ ‘ಬಾಲಪ್ರಪಂಚ’ 1936ರಲ್ಲಿ ಬಂತು. 1962ರಲ್ಲಿ ಎಚ್. ನರಸಿಂಹಯ್ಯನವರು ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿದರು. 1980ರಲ್ಲಿ ಹುಟ್ಟಿದ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ಮನೆ ಬನಶಂಕರಿಯ ಎರಡನೆಯ ಹಂತದಲ್ಲಿದೆ. ಅದರ ‘ಬಾಲವಿಜ್ಞಾನ’ವನ್ನು ಓದಿ ಬೆಳೆದವರು ನಾಡಿನ ಮೂಲೆಮೂಲೆಯಲ್ಲಿದ್ದಾರೆ. ಹಿಂದುಳಿದದ್ದು ಕಥೆ. ರಾಜಶೇಖರ ಭೂಸನೂರಮಠರಂಥ ಒಬ್ಬಿಬ್ಬರು ಆ ದಾರಿಯನ್ನು ಶ್ರದ್ಧೆಯಿಂದ ತುಳಿದರು, ನಿಜ. ಆದರೆ ಹದಿನಾರರ ಹುಡುಗ ಕದ್ದು ಓದುವಂಥ ಪುಸ್ತಕಗಳ ಸಾಲು ನಮ್ಮಲ್ಲಿ ಬೆಳೆಯಲಿಲ್ಲ.

ಆ ಖಾಲಿ ಜಾಗ ಖಾಲಿಯಾಗಿಯೂ ಉಳಿಯಲಿಲ್ಲ. ಜೆ.ಪಿ. ನಗರವನ್ನು ದಾಟಿ, ಬನ್ನೇರುಘಟ್ಟವನ್ನೂ ದಾಟಿ ದಕ್ಷಿಣಕ್ಕೆ ಹೋದರೆ ಆನೇಕಲ್ ಸಿಗುತ್ತದೆ. ಆ ಊರಿನ ಪಂಡಿತ ಸುಬ್ಬರಾಯ ಶಾಸ್ತ್ರಿಗಳು 1918ರಿಂದ 1923ರವರೆಗೆ ಸಂಸ್ಕೃತ ಶ್ಲೋಕಗಳಲ್ಲಿ ಒಂದು ಗ್ರಂಥವನ್ನು ಹೇಳಿ ಬರೆಯಿಸಿದರು. ಅದೇ ‘ವೈಮಾನಿಕ ಶಾಸ್ತ್ರ’. ಭರದ್ವಾಜ ಮಹರ್ಷಿಗಳಿಂದ ಬಂದ ವಿದ್ಯೆ ಎಂಬುದು ಅದರ ಹೇಳಿಕೆ. ಶಕುನ, ಸುಂದರ, ರುಕ್ಮ, ತ್ರಿಪುರ ಎಂಬ ನಾಲ್ಕು ವಿಮಾನಗಳ ಚಿತ್ರಗಳನ್ನು ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜೊಂದರ ನಕ್ಷೆಗಾರ ಎಲ್ಲಪ್ಪನವರು ಶಾಸ್ತ್ರಿಗಳು ಹೇಳಿದಂತೆ ಬರೆದುಕೊಟ್ಟರು. 1973ರಲ್ಲಿ ಮೈಸೂರಿನ ಜಿ. ಆರ್. ಜೋಸ್ಯರ್ ಅದನ್ನು ಇಂಗ್ಲಿಷ್ ಅನುವಾದದೊಡನೆ ಅಚ್ಚು ಹಾಕಿಸಿದರು.

ಮರುವರ್ಷವೇ ಭಾರತೀಯ ವಿಜ್ಞಾನ ಸಂಸ್ಥೆಯ ಐವರು, ಎಚ್. ಎಸ್. ಮುಕುಂದ ಮತ್ತು ಸಂಗಡಿಗರು, ಆ ಗ್ರಂಥವನ್ನು ಕೂಲಂಕಷವಾಗಿ ಪರೀಕ್ಷಿಸಿದರು. ಅವರು ತಾತ್ಸಾರದಿಂದ ಪಕ್ಕಕ್ಕೆ ತಳ್ಳಲಿಲ್ಲವೆಂಬುದು ಗಮನಿಸತಕ್ಕದ್ದು. ಆಕಾರ, ಭಾರ, ಚಾಲನೆ ಎಲ್ಲವನ್ನೂ ಲೆಕ್ಕ ಹಾಕಿ, ಈ ನಾಲ್ಕರಲ್ಲಿ ಯಾವುದೂ ಹಾರಲಾರದು ಎಂಬ ತೀರ್ಮಾನಕ್ಕೆ ಬಂದರು. ನನಗೆ ಅದಕ್ಕಿಂತ ಹಿತವಾದದ್ದು ಅವರ ಇನ್ನೊಂದು ವಾದ: ಶ್ಲೋಕಗಳ ಭಾಷೆ ವೈದಿಕವಲ್ಲ, ಈಚಿನದು, ಗ್ರಂಥ 1904ಕ್ಕಿಂತ ಹಿಂದಿನದಾಗಿರಲಾರದು. ಯಂತ್ರವನ್ನು ಯಂತ್ರಶಾಸ್ತ್ರ ಹಿಡಿಯಿತು, ಕಾಲವನ್ನು ಭಾಷೆಯೇ ಹಿಡಿದುಕೊಟ್ಟಿತು. ಭಾಷೆಯ ಮೇಷ್ಟರಿಗೂ ಇಂಥ ಒಂದು ಗೆಲುವು ಆಗಾಗ ಬೇಕಾಗುತ್ತದೆ.

ಮುದ್ದಣನೂ ತನ್ನ ಕರ್ತೃತ್ವವನ್ನು ಮರೆಸಿ, ಯಾರೋ ಹಳೆಯ ಕವಿಯ ಕೃತಿಯೆಂದು ಹೇಳಿ ತನ್ನ ಬರವಣಿಗೆಯನ್ನು ಮೈಸೂರಿಗೆ ಕಳಿಸಿದ್ದವನೇ ಅಲ್ಲವೆ ಎಂದು ವಾಚಕರು ಕೇಳಬಹುದು. ಹೌದು. ಆದರೆ ಗುಟ್ಟು ಬಯಲಾದಾಗ ಅವನ ಕಾವ್ಯಕ್ಕೆ ಒಂದು ಕೂದಲೂ ಕೊಂಕಲಿಲ್ಲ. ಮನೋರಮೆ ಮೊದಲಿಗಿಂತ ಹೆಚ್ಚು ಪ್ರಿಯಳಾದಳು. ವೈಮಾನಿಕ ಶಾಸ್ತ್ರದ ಗತಿ ಹಾಗಲ್ಲ. ಋಷಿಯ ಹೆಸರನ್ನು ತೆಗೆದರೆ ಅಲ್ಲಿ ನಿಲ್ಲುವುದು ಏನೂ ಇಲ್ಲ. ರೈಟ್ ಸಹೋದರರು 1903ರಲ್ಲಿ ಹಾರಿದ ಮೇಲಿನ ದಿನಗಳಲ್ಲಿ ಆನೇಕಲ್ಲಿನ ಬಡ ಪಂಡಿತರೊಬ್ಬರು ಕಣ್ಣು ಮುಚ್ಚಿ ಕುಳಿತು ವಿಮಾನಗಳನ್ನು ಕಂಡರೆಂಬುದೇ ಒಂದು ಅಪೂರ್ವ ಕಾದಂಬರಿಯ ವಸ್ತು. ಅದನ್ನು ಯಾರಾದರೂ ಬರೆದರೆ ನಾನು ಶಾಸ್ತ್ರಿಗಳನ್ನು ಸಂಪೂರ್ಣವಾಗಿ ನಂಬುತ್ತೇನೆ, ಅವರ ವಿಮಾನವನ್ನು ನಂಬದಿದ್ದರೂ.

ಇಲ್ಲಿ ಎರಡು ಬಗೆಯ ಕೋರಿಕೆಗಳಿವೆ. ಕಾದಂಬರಿಕಾರ, ಇನ್ನೂರು ಪುಟಗಳ ಮಟ್ಟಿಗೆ ನನ್ನ ಮಾತನ್ನು ನಂಬಿ ಎನ್ನುತ್ತಾನೆ. ಪುಸ್ತಕ ಮುಚ್ಚಿದೊಡನೆ ಒಪ್ಪಂದ ಮುಗಿಯಿತು. ಇನ್ನೊಬ್ಬ, ಇದು ನಡೆದದ್ದೇ, ಒಪ್ಪಿಕೊಳ್ಳಿ ಎನ್ನುತ್ತಾನೆ. ಅವನ ಒಪ್ಪಂದಕ್ಕೆ ಕೊನೆಯಿಲ್ಲ. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದ ನರಸಿಂಹಯ್ಯನವರು ಪವಾಡಗಳನ್ನು ಪರೀಕ್ಷಿಸಲು ಸಮಿತಿ ರಚಿಸಿ ಎದುರಿಸಿದ್ದು ಈ ಎರಡನೆಯ ಬಗೆಯನ್ನು. ಮೊದಲನೆಯ ಬಗೆಯ ನಂಬಿಕೆಯಲ್ಲಿ ಪಳಗಿದ ಹುಡುಗನಿಗೆ ಎರಡನೆಯದು ಬೇಗ ಗುರುತು ಸಿಗುತ್ತದೆಂಬುದು ನನ್ನ ಅನುಭವ. ವಿಮಾನದ ಚಿತ್ರ ತೋರಿಸಿ ಆವೇಶದಿಂದ ವಾದ ಮಾಡುವ ವಿದ್ಯಾರ್ಥಿಗಳು ಹೆಚ್ಚಾಗಿ ಕಥೆ ಓದದವರೇ.

ನಮ್ಮಲ್ಲಿ ಈ ಪಳಗುವಿಕೆಗೆ ಒದಗುವ ಒಂದು ಪುಸ್ತಕ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’. ಬಂದದ್ದು 1980ರಲ್ಲಿ. ಅದನ್ನು ವೈಜ್ಞಾನಿಕ ಕಾದಂಬರಿಯೆಂದು ಕರೆಯಲು ಕೆಲವು ವಿಮರ್ಶಕರು ಒಪ್ಪದಿರಬಹುದು, ರಾಕೆಟ್ಟಿಲ್ಲ, ಯಂತ್ರಮಾನವನಿಲ್ಲ. ಇರುವುದು ಕೋಟ್ಯಂತರ ವರ್ಷಗಳ ಹಿಂದೆಯೇ ನಶಿಸಿತೆಂದು ತಿಳಿದ ಒಂದು ಹಾರುವ ಓತಿ, ಅದನ್ನು ಹುಡುಕುವ ಒಬ್ಬ ವಿಜ್ಞಾನಿ. ಆದರೆ ಆ ಓತಿಯ ಸುದ್ದಿಗೆ ಬರುವ ಮುಂಚೆ ತೇಜಸ್ವಿ ನಮ್ಮನ್ನು ಎಲ್ಲೆಲ್ಲಿ ತಿರುಗಿಸುತ್ತಾರೆ ನೋಡಿ! ಮೂಡಿಗೆರೆಯ ಜೇನು ಸೊಸೈಟಿ, ಹುಳುಗಳ ಕಡಿತ, ಗದ್ದೆಯ ತಾಪತ್ರಯ, ಮಂದಣ್ಣನ ಮದುವೆಯ ಹಂಬಲ, ಕಿವಿ ಎಂಬ ನಾಯಿ, ಪ್ಯಾರನ ಅಡ್ಡಮಾತು, ಬಿರ್ಯಾನಿ ಕರಿಯಪ್ಪನ ಮರ ಹತ್ತುವ ಚಾಳಿ. ಇವರೆಲ್ಲರೂ ನಮಗೆ ನೆರೆಹೊರೆಯವರಷ್ಟು ಪರಿಚಿತರಾದ ಮೇಲೆ, ಊರಿನವರು ಉಡಾಳನೆಂದು ತಿಳಿದ ಮಂದಣ್ಣ ಕಾಡಿನಲ್ಲಿ ಅದನ್ನು ಕಂಡೆನೆಂದರೆ ನಾವು ಇಲ್ಲವೆನ್ನುವುದು ಹೇಗೆ? ವಿಜ್ಞಾನಿ ಕರ್ವಾಲೊ ಅವನ ಮಾತಿಗೆ ಕಿವಿಗೊಡುತ್ತಾನೆ. ಆದ್ದರಿಂದ ನಾವೂ ಕಿವಿಗೊಡುತ್ತೇವೆ. ಕೊನೆಗೆ ಓತಿ ಕೈಗೆ ಸಿಕ್ಕಿತೆನ್ನುವಷ್ಟರಲ್ಲಿ ಕಣಿವೆಯೊಳಕ್ಕೆ ತೇಲಿ ಹೋಗುತ್ತದೆ. ಹಿಡಿದು ಬಾಟಲಿಗೆ ಹಾಕಿದ್ದರೆ ಬಹುಶಃ ನಾವು ನಂಬುತ್ತಿರಲಿಲ್ಲ.

ತರಗತಿಯಲ್ಲಿ ಇದನ್ನು ಓದಿಸಿದಾಗ ನಾನು ಒಂದು ವಿಚಿತ್ರವನ್ನು ಕಂಡಿದ್ದೇನೆ. ಓತಿಯ ಪ್ರಾಚೀನತೆಯನ್ನು, ಅಂದರೆ ಕಾದಂಬರಿಕಾರರು ಕಲ್ಪಿಸಿಕೊಂಡ ಭಾಗವನ್ನು, ಹುಡುಗರು ತಕ್ಷಣ ಒಪ್ಪುತ್ತಾರೆ. ಓತಿ ಹಾರುತ್ತದೆ ಎಂಬುದನ್ನು ಮಾತ್ರ ಕಲ್ಪನೆಯೆಂದು ನಗುತ್ತಾರೆ. ವಾಸ್ತವ ಇದಕ್ಕೆ ತಿರುಗುಮುರುಗು. ಪಶ್ಚಿಮ ಘಟ್ಟದ ಕಾಡುಗಳಲ್ಲಿ, ಅಡಕೆ ತೋಟಗಳಲ್ಲಿ ಹಾರುವ ಓತಿ ಇಂದಿಗೂ ಇದೆ. 1837ರಷ್ಟು ಹಿಂದೆಯೇ ಪ್ರಾಣಿಶಾಸ್ತ್ರಜ್ಞರು ಅದನ್ನು ವರ್ಣಿಸಿ ಹೆಸರಿಟ್ಟರು. ನೀಳವಾದ ಪಕ್ಕೆಲುಬುಗಳ ಮೇಲೆ ಹರಡಿದ ಚರ್ಮವನ್ನು ಕೊಡೆಯಂತೆ ಬಿಚ್ಚಿ ಅದು ಮರದಿಂದ ಮರಕ್ಕೆ ತೇಲುತ್ತದೆ. ಶೃಂಗೇರಿಯ ಕಡೆಯಿಂದ ಬಂದ ಹುಡುಗಿಯೊಬ್ಬಳು ಎದ್ದು ನಿಂತು, “ನಮ್ಮ ತೋಟದಲ್ಲೇ ಇದೆಯಲ್ಲ” ಎಂದಾಗ ಜಯನಗರದ ಹುಡುಗರು ಅವಳನ್ನು ನೋಡಿದ ನೋಟವಿದೆಯಲ್ಲ, ಊರಿನವರು ಮಂದಣ್ಣನನ್ನು ನೋಡುತ್ತಿದ್ದದ್ದೂ ಹಾಗೆಯೇ ಇರಬೇಕು.

ಈಚಿನವರಲ್ಲಿ ಕೆ. ಎನ್. ಗಣೇಶಯ್ಯನವರ ಹಾದಿ ಬೇರೆ. ಕೃಷಿ ವಿಶ್ವವಿದ್ಯಾನಿಲಯದಲ್ಲಿ ವಿಜ್ಞಾನಿಯಾಗಿದ್ದ ಅವರು ಕಥೆಯ ಜೊತೆಗೆ ಚಿತ್ರಗಳನ್ನೂ ಆಧಾರಗಳನ್ನೂ ಒದಗಿಸುತ್ತಾರೆ. ‘ಕನಕ ಮುಸುಕು’ವಿನಲ್ಲಿ ಹದಿಮೂರನೆಯ ಶತಮಾನದ ಸೋಮನಾಥಪುರದ ಶಿಲ್ಪಗಳ ಕೈಯಲ್ಲಿರುವುದು ಮುಸುಕಿನ ಜೋಳವೇ ಎಂಬ ಪ್ರಶ್ನೆಯಿದೆ. ಕೊಲಂಬಸನಿಗಿಂತ ಮುಂಚೆ ಅಮೆರಿಕದ ಬೆಳೆ ಇಲ್ಲಿಗೆ ಬಂದದ್ದು ಹೇಗೆ? 1989ರಲ್ಲಿ ಅದು ಜೋಳವೇ ಎಂದು ವಿದೇಶದ ವಿದ್ವಾಂಸರು ಬರೆದರು. 1993ರಲ್ಲಿ ಅಲ್ಲವೆಂದು ನಮ್ಮ ದೇಶದ ತಜ್ಞರು ಉತ್ತರ ಕೊಟ್ಟರು. ರೋಚಕವಾದ ವಸ್ತು, ಓದಿಸಿಕೊಂಡೂ ಹೋಗುತ್ತದೆ. ಆದರೆ ಇಂಥ ಕಾದಂಬರಿಗಳಲ್ಲಿ ನಾವು ನಂಬುವುದು ದಾಖಲೆಯನ್ನು. ಅದನ್ನು ಹಿಡಿದು ಓಡುವ ಮನುಷ್ಯನ ಮುಖ ನೆನಪಿನಲ್ಲಿ ಉಳಿಯುವುದು ಕಡಮೆ. ಆಧಾರವನ್ನು ಮುಚ್ಚಿಡದೆ ಕೊಡುತ್ತಾರೆ, ಬೇಕಾದವರು ಹುಡುಕಿ ತೂಗಬಹುದು ಎಂಬುದು ದೊಡ್ಡ ಸಮಾಧಾನ. ಪರೀಕ್ಷೆಯ ಉತ್ತರಪತ್ರಿಕೆಯಲ್ಲಿ ಹೊಯ್ಸಳರು ಮೆಕ್ಕೆಜೋಳ ಬೆಳೆಯುತ್ತಿದ್ದರೆಂದು ಬರೆದವನು ಆ ತೊಂದರೆಯನ್ನು ತೆಗೆದುಕೊಂಡಿರಲಿಲ್ಲ, ಅಷ್ಟೆ.

ಈಗ ವರ್ಷಕ್ಕೊಮ್ಮೆ ಹುಡುಗರಿಂದಲೇ ವಿಜ್ಞಾನ ಕಥೆ ಬರೆಯಿಸುತ್ತೇನೆ. ಮೊದಮೊದಲು ಬಂದ ಕಥೆಗಳೆಲ್ಲ ನ್ಯೂಯಾರ್ಕಿನಲ್ಲಿ ನಡೆಯುತ್ತಿದ್ದವು. ನಾಯಕನ ಹೆಸರು ಜಾನ್. ರಾಗಿಗುಡ್ಡದ ಮೆಟ್ರೊ ನಿಲ್ದಾಣದಲ್ಲಿ ಏನಾದರೂ ಆಗಬಾರದೆ ಎಂದು ಕೇಳಿದರೆ ನಕ್ಕರು. ಚಾಲಕನಿಲ್ಲದೆಯೂ ಓಡಬಲ್ಲ ರೈಲು ಆ ಹಳದಿ ಮಾರ್ಗಕ್ಕೆ 2025ರ ಆಗಸ್ಟಿನಲ್ಲಿ ಬಂದೇಬಿಟ್ಟಿತು. ಕಥೆ ಇನ್ನೂ ಬಂದಿಲ್ಲ.

ಕಳೆದ ಸಲ ಬಿ.ಟಿ.ಎಂ. ಬಡಾವಣೆಯ ಹುಡುಗಿಯೊಬ್ಬಳು ಬರೆದ ಕಥೆಯಲ್ಲಿ ಕಾಲ 2070. ಸುಮಾರು 100 ಕಿಲೋಮೀಟರು ದೂರದಿಂದ ಬರುತ್ತಿದ್ದ ಕಾವೇರಿ ನೀರು ನಿಂತುಹೋಗಿದೆ. ಮಹಡಿಯ ಮೇಲೆ ಗಾಳಿಯನ್ನು ತಣ್ಣಗೆ ಮಾಡಿ ಅದರ ತೇವದಿಂದ ನೀರು ಇಳಿಸುವ ಯಂತ್ರ. ಮಾರ್ಚಿಯಲ್ಲಿ ಗಾಳಿ ಒಣಗಿರುವುದರಿಂದ ನೀರು ಬೇಕಾದಾಗಲೇ ಯಂತ್ರ ಸೋಲುತ್ತದೆಂಬುದನ್ನು ಅವಳು ಮರೆತಿರಲಿಲ್ಲ. ಯಂತ್ರದ ಬೀಗದಕೈ ಕೆಳಗಿನ ಮನೆಯ ಯಜಮಾನರ ಹತ್ತಿರ. ಬೆಳಿಗ್ಗೆ ಅರ್ಧ ಗಂಟೆ ಮಾತ್ರ ಚಾಲು ಮಾಡುತ್ತಾರೆ, ಬಾಡಿಗೆಯವರ ಕೊಡಗಳನ್ನು ಎಣಿಸುತ್ತಾರೆ. ಕಥೆ ಓದಿ ಮುಗಿಸಿದಾಗ ಯಂತ್ರದ ವಿಷಯ ಯಾರೂ ಎತ್ತಲಿಲ್ಲ. ಹಿಂದಿನ ಬೆಂಚಿನಿಂದ ಒಬ್ಬ ಕೇಳಿದ: “ಅಡ್ವಾನ್ಸು ಆಗಲೂ ಹತ್ತು ತಿಂಗಳದ್ದೇನಾ?”