ಬಾಸೆಲ್ ಮಿಷನ್‌ನಲ್ಲಿ ಯುವ ನೇತೃತ್ವ
ಕನ್ನಡ ನಾಡಿನಲ್ಲಿ ಪ್ರಾಟೆಸ್ಟಂಟ್ ಧರ್ಮಪ್ರಚಾರದ ಹೊಸ ಕೆಲಸಗಳನ್ನು ಇಪ್ಪತ್ತರ ಹರೆಯದವರಿಗೆ ಒಪ್ಪಿಸಿದ 19ನೇ ಶತಮಾನದ ರೂಢಿ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಧಾರವಾಡ, ಹುಬ್ಬಳ್ಳಿ, ಬೆಟಗೇರಿಗಳನ್ನು ದಾಟಿ, ಖಣ ನೇಯುವ ಗುಳೇದಗುಡ್ಡದಲ್ಲಿ 1851ರಲ್ಲಿ ನೆಲೆಯೂರಿತು. ಅದರ ಮಿಷನರಿಗಳಲ್ಲಿ ಮೋಗ್ಲಿಂಗ್ 25ರ, ಕಿಟೆಲ್ 21ರ ವಯಸ್ಸಿನಲ್ಲಿ ಬಂದವರು. ಎಳೆಯರಿಗೆ ಪಕ್ವತೆ ಸಾಲದೆನ್ನಬಹುದು. ಆದರೆ ಭಾಷೆ ಒಲಿಯಲು ಬೇಕಾದದ್ದು ದೀರ್ಘ ಕಾಲ, ಅದಕ್ಕೆ ಎಳೆಯ ವಯಸ್ಸಿನಲ್ಲೇ ಆರಂಭಿಸಬೇಕು: 1853ರಲ್ಲಿ ಬಂದ ಕಿಟೆಲ್ ಅವರ ಕನ್ನಡ ನಿಘಂಟು ಅಚ್ಚಾದದ್ದು 1894ರಲ್ಲಿ. ಇವರೆಲ್ಲ ಹೊರಗಿನವರೆಂಬ ಆಕ್ಷೇಪ ಹೆಚ್ಚು ತೂಕದ್ದು. ಅದಕ್ಕೆ ಉತ್ತರ ಮಂಗಳೂರಿನ ಹರ್ಮನ್ ಆನಂದರಾವ್ ಕೌಂಡಿನ್ಯ: 1844ರಲ್ಲಿ ದೀಕ್ಷಾಸ್ನಾನ ಪಡೆದು, ಬಾಸೆಲ್‌ನಲ್ಲಿ ಓದಿ, 1851ರಲ್ಲಿ, 26ರ ಹರೆಯದಲ್ಲಿ, ಮಿಷನರಿಯಾಗಿಯೇ ಮರಳಿದರು, ಮಂಗಳೂರಿನ ಸೆಮಿನರಿಯಲ್ಲಿ ಕಲಿಸಿದರು, ಕೊಡಗಿನ ಆನಂದಪುರ ನೆಲೆಗೆ ಜಮೀನು ಒದಗಿಸಿದರು.