ಕಾರಿನ ಬಣ್ಣದ ಆರೈಕೆ

ಕಾರಿನ ಬಣ್ಣದ ಆರೈಕೆ ಎಂದರೆ ಕಾರಿನ ಹೊರಮೈಯನ್ನು ತೊಳೆದು, ಬಣ್ಣಕ್ಕೆ ಅಂಟಿದ ಕಲ್ಮಶವನ್ನು ತೆಗೆದು, ಅಗತ್ಯವಿದ್ದಲ್ಲಿ ಪಾಲಿಶ್ ಮಾಡಿ, ಕೊನೆಯಲ್ಲಿ ಮೇಣ ಅಥವಾ ಬೇರೊಂದು ರಕ್ಷಕ ಲೇಪವನ್ನು ಹಚ್ಚುವ ಕೆಲಸ. ಈ ಎಲ್ಲ ಹಂತಗಳನ್ನೂ ಮನೆಯಲ್ಲಿಯೇ ಮಾಡಬಹುದು. ಆಡುಮಾತಿನಲ್ಲಿ ಪಾಲಿಶ್ ಮತ್ತು ವ್ಯಾಕ್ಸ್ ಎಂಬ ಪದಗಳು ಒಂದೇ ಅರ್ಥದಲ್ಲಿ ಬಳಕೆಯಾಗುತ್ತವೆ. ವಾಸ್ತವದಲ್ಲಿ ಪಾಲಿಶ್ ಬಣ್ಣದ ಮೇಲ್ಪದರವನ್ನು ತುಸು ಸವೆಸುತ್ತದೆ. ವ್ಯಾಕ್ಸ್ ಅದರ ಮೇಲೆ ಒಂದು ಪದರವನ್ನು ಸೇರಿಸುತ್ತದೆ.

ಬಣ್ಣದ ರಚನೆ

ಇಂದಿನ ಕಾರುಗಳ ಲೋಹದ ಮೈಮೇಲೆ ತುಕ್ಕುನಿರೋಧಕ ಲೇಪ, ಪ್ರೈಮರ್, ಬಣ್ಣ ಮತ್ತು ಅದರ ಮೇಲೆ ಬಣ್ಣವಿಲ್ಲದ ಪಾರದರ್ಶಕ ಪದರ ಇರುತ್ತವೆ. ಈ ಕೊನೆಯ ಪದರವನ್ನು ಕ್ಲಿಯರ್ ಕೋಟ್ ಎಂದು ಕರೆಯುತ್ತಾರೆ. ಎಲ್ಲ ಪದರಗಳೂ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ದಪ್ಪವಿದ್ದು, ಅದರಲ್ಲಿ ಕ್ಲಿಯರ್ ಕೋಟಿನ ಪಾಲು ಸುಮಾರು 35ರಿಂದ 50 ಮೈಕ್ರಾನ್ ಮಾತ್ರ. ಹೊಳಪು ಕಾಣುವುದೂ ಈ ಪದರದಲ್ಲಿ, ಸೂರ್ಯನ ಅತಿನೇರಳೆ ಕಿರಣಗಳನ್ನು ತಡೆಯುವುದೂ ಇದೇ ಪದರ. ಒಮ್ಮೆ ಸವೆದ ಕ್ಲಿಯರ್ ಕೋಟ್ ಮರಳಿ ಬೆಳೆಯುವುದಿಲ್ಲ. ಅದು ತೀರಾ ತೆಳುವಾದಾಗ ಬಿಳಿಚಿಕೊಂಡು ಸಿಪ್ಪೆಯಂತೆ ಏಳುತ್ತದೆ. ಆಗ ಆ ಭಾಗಕ್ಕೆ ಹೊಸದಾಗಿ ಬಣ್ಣ ಹೊಡೆಸದೆ ಬೇರೆ ದಾರಿಯಿಲ್ಲ.

ಕ್ಲಿಯರ್ ಕೋಟ್ ಬಳಕೆ ವ್ಯಾಪಕವಾದದ್ದು 1980ರ ದಶಕದಿಂದ ಈಚೆಗೆ. ಹಳೆಯ ಕಾರುಗಳಲ್ಲಿ ಬಣ್ಣವೇ ಮೇಲ್ಪದರವಾಗಿರುತ್ತದೆ. ಅಂಥ ಕಾರನ್ನು ಪಾಲಿಶ್ ಮಾಡುವಾಗ ಬಟ್ಟೆಗೆ ಕಾರಿನ ಬಣ್ಣವೇ ಹತ್ತಿದರೆ ಗಾಬರಿಯಾಗಬೇಕಿಲ್ಲ.

ತೊಳೆಯುವುದು

ಬಣ್ಣದ ಮೇಲೆ ಬಿಸಿಲಿನಲ್ಲಿ ಜೇಡರಬಲೆಯಂತೆ ಕಾಣುವ ಸಣ್ಣ ಗೀರುಗಳಲ್ಲಿ ಹೆಚ್ಚಿನವು ತೊಳೆಯುವಾಗ ಮತ್ತು ಒರೆಸುವಾಗಲೇ ಮೂಡುತ್ತವೆ. ಪ್ರತಿದಿನ ಬೆಳಿಗ್ಗೆ ಒಣ ಬಟ್ಟೆಯಿಂದ ಧೂಳು ಒರೆಸುವ ರೂಢಿ ಇದಕ್ಕೆ ಮುಖ್ಯ ಕಾರಣ. ಧೂಳಿನಲ್ಲಿರುವ ಮರಳಿನ ಕಣಗಳು ಕ್ಲಿಯರ್ ಕೋಟಿಗಿಂತ ಗಟ್ಟಿಯಾಗಿರುವುದರಿಂದ ಬಟ್ಟೆ ಉಪ್ಪುಕಾಗದದಂತೆ ಕೆಲಸ ಮಾಡುತ್ತದೆ. ಕಾರು ಅಷ್ಟು ಕೊಳೆಯಾಗಿಲ್ಲದಿದ್ದರೆ ಒರೆಸದೆ ಬಿಡುವುದೇ ಲೇಸು.

ತೊಳೆಯಲು ನೆರಳು ಬೇಕು, ಕಾರಿನ ಮೈ ತಣ್ಣಗಿರಬೇಕು. ಮೊದಲು ನೀರು ಹಾಯಿಸಿ ಸಡಿಲವಾದ ಮಣ್ಣನ್ನು ಇಳಿಸಲಾಗುತ್ತದೆ. ಅನಂತರ ಎರಡು ಬಕೆಟ್‌ಗಳನ್ನು ಬಳಸುತ್ತಾರೆ: ಒಂದರಲ್ಲಿ ಕಾರ್ ಶಾಂಪೂ ಬೆರೆಸಿದ ನೀರು, ಇನ್ನೊಂದರಲ್ಲಿ ಬರಿಯ ನೀರು. ಮೈಕ್ರೋಫೈಬರ್ ಬಟ್ಟೆಯನ್ನು ಪ್ರತಿ ಸಲವೂ ಬರಿಯ ನೀರಿನಲ್ಲಿ ಜಾಲಿಸಿ, ಆಮೇಲೆ ಶಾಂಪೂ ನೀರಿಗೆ ಅದ್ದಬೇಕು. ಛಾವಣಿಯಿಂದ ಆರಂಭಿಸಿ ಕೆಳಕ್ಕೆ ಬರುವುದು ಕ್ರಮ. ಹೆಚ್ಚು ಕೆಸರು ಹಿಡಿಯುವ ಬಾಗಿಲುಗಳ ತಳಭಾಗ ಕೊನೆಗೆ. ಚಕ್ರಗಳಿಗೆ ಬೇರೆಯೇ ಬಟ್ಟೆ ಇರಬೇಕು, ಏಕೆಂದರೆ ಅಲ್ಲಿ ಬ್ರೇಕಿನಿಂದ ಉದುರಿದ ಲೋಹದ ಪುಡಿ ಕೂತಿರುತ್ತದೆ. ಬಟ್ಟೆ ಒಗೆಯುವ ಪುಡಿಯಾಗಲಿ ಪಾತ್ರೆ ತೊಳೆಯುವ ಸಾಬೂನಾಗಲಿ ಹಚ್ಚಿದ ಮೇಣವನ್ನು ಕಿತ್ತುಹಾಕುತ್ತವೆ.

ಕೊಳವೆಬಾವಿಯ ಗಡಸು ನೀರು ತಾನಾಗಿ ಒಣಗಿದರೆ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳ ಬಿಳಿ ಚುಕ್ಕೆಗಳು ಉಳಿಯುತ್ತವೆ. ಆದ್ದರಿಂದ ತೊಳೆದ ಕೂಡಲೇ ನೀರು ಹೀರುವ ಮೆತ್ತನೆಯ ಬಟ್ಟೆಯಿಂದ ಒತ್ತಿ ಒಣಗಿಸಬೇಕು. ಹಕ್ಕಿಯ ಹಿಕ್ಕೆಯನ್ನಂತೂ ಕಂಡ ದಿನವೇ ತೆಗೆಯಬೇಕು: ಅದರಲ್ಲಿ ಯೂರಿಕ್ ಆಮ್ಲವಿದ್ದು, ಬಿಸಿಲಿಗೆ ಕಾದ ಕ್ಲಿಯರ್ ಕೋಟಿನಲ್ಲಿ ಅಳಿಸಲಾಗದ ಗುರುತು ಮೂಡಿಸುತ್ತದೆ. ಒಣಗಿದ ಹಿಕ್ಕೆಯನ್ನು ಉಜ್ಜದೆ, ಒದ್ದೆ ಬಟ್ಟೆಯನ್ನು ಕೆಲವು ನಿಮಿಷ ಹೊದಿಸಿ ನೆನೆಸಿ ಎತ್ತುವುದು ಸರಿಯಾದ ರೀತಿ.

ನೀರಿನ ಬಳಕೆ

ಬೆಂಗಳೂರಿನಲ್ಲಿ ತೀವ್ರ ನೀರಿನ ಅಭಾವ ಉಂಟಾದ 2024ರ ಮಾರ್ಚ್ ತಿಂಗಳಿನಲ್ಲಿ ಬೆಂಗಳೂರು ಜಲಮಂಡಳಿಯು ಕುಡಿಯುವ ನೀರಿನಿಂದ ವಾಹನ ತೊಳೆಯುವುದನ್ನು ನಿಷೇಧಿಸಿ, ತಪ್ಪಿದವರಿಗೆ 5,000 ರೂಪಾಯಿ ದಂಡ ವಿಧಿಸುವುದಾಗಿ ಆದೇಶಿಸಿತು. ಪೈಪ್ ಬಿಟ್ಟು ತೊಳೆಯುವುದಕ್ಕೆ ಬದಲಾಗಿ, ಜಾಲಿಸುವ ಅಗತ್ಯವಿಲ್ಲದ ಶಾಂಪೂಗಳೂ ದೊರೆಯುತ್ತವೆ. ಇವುಗಳಲ್ಲಿನ ಪಾಲಿಮರ್‌ಗಳು ಕೊಳೆಯ ಕಣಗಳನ್ನು ಸುತ್ತುವರಿದು ಜಾರುವಂತೆ ಮಾಡುವುದರಿಂದ ಒಂದು ಬಕೆಟ್ ನೀರಿನಲ್ಲಿ ಇಡೀ ಕಾರನ್ನು ಶುಚಿಗೊಳಿಸಬಹುದು. ಕೆಸರು ಮೆತ್ತಿದ ಕಾರಿಗೆ ಮಾತ್ರ ಈ ವಿಧಾನ ಹೊಂದುವುದಿಲ್ಲ.

ಜೇಡಿಯಿಂದ ಶುಚಿಗೊಳಿಕೆ

ತೊಳೆದ ಬಳಿಕವೂ ಅಂಗೈಗೆ ಬಣ್ಣ ತರಿತರಿಯಾಗಿ ಹತ್ತಿದರೆ ಲೋಹದ ಕಣ, ಡಾಂಬರು ಅಥವಾ ಮರದ ಅಂಟು ಕಚ್ಚಿಕೊಂಡಿದೆ ಎಂದರ್ಥ. ಕೈಗೆ ತೆಳುವಾದ ಪ್ಲಾಸ್ಟಿಕ್ ಚೀಲ ತೊಟ್ಟು ಸವರಿದರೆ ಈ ತರಿ ಇನ್ನೂ ಸ್ಪಷ್ಟವಾಗಿ ತಿಳಿಯುತ್ತದೆ. ಇದನ್ನು ತೆಗೆಯಲು ಕ್ಲೇ ಬಾರ್ ಎಂಬ ಕೃತಕ ಜೇಡಿಯ ಉಂಡೆಯನ್ನು ಜಾರುದ್ರವ ಸಿಂಪಡಿಸಿದ ಮೇಲ್ಮೈ ಮೇಲೆ ಹಗುರವಾಗಿ ಉಜ್ಜುತ್ತಾರೆ. ನೆಲಕ್ಕೆ ಬಿದ್ದ ಉಂಡೆಯನ್ನು ಮತ್ತೆ ಬಳಸಬಾರದು.

ಪಾಲಿಶ್

ಪಾಲಿಶ್‌ನಲ್ಲಿ ಅಲ್ಯೂಮಿನಿಯಂ ಆಕ್ಸೈಡ್‌ನಂಥ ಅತಿ ಸೂಕ್ಷ್ಮ ಕಣಗಳಿರುತ್ತವೆ. ಅವು ಗೀರನ್ನು ತುಂಬುವುದಿಲ್ಲ. ಗೀರಿನ ಸುತ್ತಲಿನ ಪದರವನ್ನು ಸವೆಸಿ ಸಮತಟ್ಟು ಮಾಡುತ್ತವೆ. ಕಾಂಪೌಂಡ್ ಎಂಬುದು ಇದರ ಒರಟಾದ ರೂಪ. ಉಗುರನ್ನು ಅಡ್ಡ ಎಳೆದಾಗ ಸಿಕ್ಕಿಕೊಳ್ಳುವ ಗೀರು ಪಾಲಿಶ್‌ನಿಂದ ಪೂರ್ತಿ ಹೋಗಲಾರದು, ಅದನ್ನು ಅಳಿಸಲು ಹೊರಟರೆ ಕ್ಲಿಯರ್ ಕೋಟೇ ಹೋದೀತು. ಮೊದಲು ಕಣ್ಣಿಗೆ ಬೀಳದ ಸಣ್ಣ ಜಾಗದಲ್ಲಿ, ಅತ್ಯಂತ ನಯವಾದ ಪಾಲಿಶ್‌ನಿಂದ ಪರೀಕ್ಷಿಸಿ ನೋಡುವುದು ವಾಡಿಕೆ.

ಯಂತ್ರ ಬಳಸುವುದಾದರೆ ಹೊಸಬರಿಗೆ ತಿರುಗುತ್ತಲೇ ಕಂಪಿಸುವ ಡ್ಯುಯಲ್ ಆಕ್ಷನ್ ಯಂತ್ರ ಸುರಕ್ಷಿತ. ಒಂದೇ ಅಕ್ಷದ ಮೇಲೆ ತಿರುಗುವ ರೋಟರಿ ಯಂತ್ರ ಒಂದೆಡೆ ನಿಂತರೆ ಕ್ಷಣಮಾತ್ರದಲ್ಲಿ ಬಣ್ಣವನ್ನು ಸುಡಬಲ್ಲದು. ಬಾಗಿಲು ಮತ್ತು ಬಾನೆಟ್‌ಗಳ ಅಂಚಿನಲ್ಲಿ ಲೇಪ ತೆಳುವಾಗಿರುವುದರಿಂದ ಅಲ್ಲಿ ಯಂತ್ರವನ್ನು ತಾಗಿಸದಿರುವುದು ಒಳ್ಳೆಯದು. ಹೊಳಪಿಲ್ಲದ ಮ್ಯಾಟ್ ಬಣ್ಣವನ್ನು ಪಾಲಿಶ್ ಮಾಡಲೇಬಾರದು.

ರಕ್ಷಕ ಲೇಪಗಳು

ಸಾಂಪ್ರದಾಯಿಕ ಮೇಣಗಳಲ್ಲಿ ಪ್ರಸಿದ್ಧವಾದದ್ದು ಕಾರ್ನೌಬಾ. ಈಶಾನ್ಯ ಬ್ರೆಜಿಲ್‌ನ ಒಂದು ಜಾತಿಯ ತಾಳೆಯ ಎಲೆಗಳಿಂದ ದೊರೆಯುವ ಇದು 80 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿನ ಉಷ್ಣತೆಯಲ್ಲಿ ಕರಗುತ್ತದೆ. ಹಚ್ಚಿದ ಮೇಣ ಕೆಲವು ವಾರಗಳಿಂದ ಒಂದೆರಡು ತಿಂಗಳು ನಿಲ್ಲುತ್ತದೆ. ಕೃತಕ ಪಾಲಿಮರ್ ಸೀಲಂಟ್‌ಗಳು ಅದಕ್ಕಿಂತ ಹೆಚ್ಚು ಬಾಳುತ್ತವೆ. ಎರಡನ್ನೂ ಆದಷ್ಟು ತೆಳುವಾಗಿ ಹಚ್ಚಿ ಒರೆಸಬೇಕು. ಕಪ್ಪು ಪ್ಲಾಸ್ಟಿಕ್ ಭಾಗಗಳಿಗೆ ತಗಲಿದರೆ ಬಿಳಿ ಕಲೆ ಉಳಿಯುತ್ತದೆ.

ಸಿಲಿಕಾ ಆಧಾರಿತ ಸೆರಾಮಿಕ್ ಲೇಪಗಳ ಜಾಹೀರಾತುಗಳಲ್ಲಿ ಕಾಣುವ 9ಎಚ್ ಎಂಬ ಗಡಸುತನ ಪೆನ್ಸಿಲ್ ಪರೀಕ್ಷೆಯ ಅಳತೆಯೇ ಹೊರತು ಖನಿಜಗಳಿಗೆ ಬಳಸುವ ಮೋಸ್ ಮಾಪಕದ್ದಲ್ಲ. ಹೀಗಾಗಿ ಈ ಲೇಪವಿರುವ ಕಾರನ್ನೂ ಒಣ ಬಟ್ಟೆಯಿಂದ ಒರೆಸಿದರೆ ಗೀರು ಬೀಳುತ್ತದೆ.